ಮೂವತ್ತೆರಡು ಹೆಜ್ಜೆ

ನನ್ನ ಅಕ್ಕ ದಿನಾ ನಡೆಯಬೇಕು ಎಂದು ಹೇಳಿದ್ದು ಡಾಕ್ಟರು. ಎಲ್ಲಿ ನಡೆಯಬೇಕೆಂದು ಅವರು ಹೇಳಲಿಲ್ಲ. ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ ಎಂದು ಆ ಡಾಕ್ಟರ ಮೇಲೆ ನನಗೆ ಈಗಲೂ ಸಿಟ್ಟಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರ ದೂರು. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಯುವವರ ಪಕ್ಕದಲ್ಲಿ ಕೂತು ಬದುಕಿ ಬಂದವನಿಗೆ ಸಿಟ್ಟು ಇನ್ನೆಲ್ಲಿರಬೇಕು?

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಎತ್ತರದಲ್ಲಿ ಮಾತ್ರ ನನ್ನ ಭುಜಕ್ಕೂ ಬರುವುದಿಲ್ಲ. ಸೊಳ್ಳೆಪರದೆ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಅವಳಿಗಿದ್ದದ್ದು ಒಂದೇ ಕೆಲಸ. ಹೊಲಿದು ಬಂದ ಪರದೆಯನ್ನು ದೀಪದ ಮೇಜಿನ ಮೇಲೆ ಹರಡುವುದು, ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ನೋಡುವುದು, ಬಿಟ್ಟಿದ್ದರೆ ಸೂಜಿ ಹಾಕಿ ಮುಚ್ಚುವುದು. ಅವಳ ಕೈ ದಾಟಿದ ಪರದೆಯೊಳಗೆ ಒಂದು ಸೊಳ್ಳೆಯೂ ಹೊಕ್ಕ ದೂರು ಬಂದಿಲ್ಲ ಎಂದು ನಿವೃತ್ತಿಯ ದಿನ ಮ್ಯಾನೇಜರು ಹೊಗಳಿದರಂತೆ. ಆ ಮಾತನ್ನು ನಾವು ಮನೆಯಲ್ಲಿ ಹತ್ತು ಸಲವಾದರೂ ಕೇಳಿದ್ದೇವೆ. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಮಹಡಿಯ ಕೋಣೆಗೆ ಬಂದಳು. ನನ್ನ ಹೆಂಡತಿಗೆ ಅತ್ತಿಗೆಯೆಂದರೆ ಪ್ರಾಣ. ನನಗೂ ಅಷ್ಟೇ, ಆದರೆ ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಬಸ್ ಡಿಪೋ ದಾಟಿದರೆ ಒಂದು ಜೌಗು ಕೆರೆ, ಸುತ್ತ ಆಳೆತ್ತರದ ಜೊಂಡು, ಅದರ ನಡುವೆ ಮರದ ಹಲಗೆಯ ಕಾಲುದಾರಿ. ಅದಕ್ಕೆಲ್ಲ ತಂತಿ ಬೇಲಿ ಹಾಕಿ ಸಂರಕ್ಷಿತ ತಾಣ ಎಂದು ಫಲಕ ನೆಟ್ಟಿದ್ದಾರೆ. ಅಕ್ಕ ನಡೆಯಲು ಹೋಗಿದ್ದು ಅಲ್ಲಿಗೆ. ಮೊದಲು ಟಿಕೆಟ್ ತೆಗೆದುಕೊಂಡು ಹೋದಳು. ಆಮೇಲೆ ದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್ ಹೆಕ್ಕತೊಡಗಿದಳು. ಎರಡು ತಿಂಗಳಾಗುವಷ್ಟರಲ್ಲಿ ಅವಳ ತಲೆಯ ಮೇಲೆ ಸ್ವಯಂಸೇವಕರ ಹಸಿರು ಟೋಪಿ ಬಂತು.

"ಟಿಕೆಟ್ ಉಳಿಸೋಕೆ ಟೋಪಿ ಹಾಕ್ಕೊಂಡ್ಯಾ?" ಎಂದು ಕಿಚಾಯಿಸಿದೆ.

"ನಿನ್ನ ಒಡಹುಟ್ಟಿದೋಳಲ್ವಾ, ಅಷ್ಟು ಬುದ್ಧಿ ಇರಲ್ವಾ?" ಎಂದಳು.

ಆ ಕೆರೆಯ ಒಂದು ದಂಡೆ ಮರಳು. ಅಲ್ಲಿ ಆಮೆಗಳು ಗುಂಡಿ ತೋಡಿ ಮೊಟ್ಟೆಯಿಟ್ಟು, ಮುಚ್ಚಿ, ತಿರುಗಿ ನೋಡದೆ ಹೋಗುತ್ತವೆ. ಸುಮಾರು ಅರವತ್ತು ದಿನಕ್ಕೆ ಮರಿಗಳು ತಾವೇ ಮೇಲೆದ್ದು ನೀರಿಗಿಳಿಯಬೇಕು. ಮೊಟ್ಟೆಗಳನ್ನು ಕದಲಿಸುವ ಹಾಗಿಲ್ಲ, ಕದಲಿಸಿದರೆ ಒಳಗಿನ ಜೀವ ಹೋಗುತ್ತದೆ. ಹಿಂದಿನ ವರ್ಷ ತಾಣದವರು ಗೂಡಿನ ಮೇಲೆ ಕಬ್ಬಿಣದ ಪಂಜರ ಕವುಚಿದ್ದರು. ಮರಿ ನುಸುಳಲಿ ಎಂದು ಬಿಟ್ಟ ದೊಡ್ಡ ತೂತಿನಲ್ಲೇ ಇಲಿ ನುಗ್ಗಿ ಎಲ್ಲವನ್ನೂ ತಿಂದು ಹಾಕಿತ್ತು. ಆ ಖಾಲಿ ಚಿಪ್ಪುಗಳನ್ನು ಕಂಡ ದಿನ ಅಕ್ಕ ಊಟ ಮಾಡಲಿಲ್ಲ.

ಈ ವರ್ಷ ಅವಳೇ ಪಂಜರ ಮಾಡಿದಳು. ಕಬ್ಬಿಣದ ಚೌಕಟ್ಟಿಗೆ ಸಣ್ಣ ತೂತಿನ ಉಕ್ಕಿನ ಜಾಲರಿ, ನಾಲ್ಕೂ ಅಂಚಿಗೆ ತಂತಿಯ ಹೊಲಿಗೆ. ನೀರಿನ ಕಡೆಗೆ ಅಂಗೈಯಗಲದ ಬಾಗಿಲು, ಅದಕ್ಕೊಂದು ಚಿಲಕ. ಇಲಿ ಬಿಡಿ, ಜಿರಲೆಯೂ ಯೋಚಿಸಿ ಒಳಗೆ ಹೋಗಬೇಕು. ಐವತ್ತೈದನೇ ದಿನದಿಂದ ಪ್ರತಿ ಬೆಳಗ್ಗೆ ಅವಳು ಹೋಗಿ ಬಾಗಿಲು ತೆರೆದು, ಪಕ್ಕದಲ್ಲೇ ಕೂತು, ಮರಿ ಬಂದರೆ ನೀರಿನತನಕ ಕಾವಲು ಕಾಯ್ದು, ಮತ್ತೆ ಮುಚ್ಚಿ ಬರುವುದು ಎಂದು ತೀರ್ಮಾನವಾಯಿತು. ಮೊಟ್ಟೆ ಕದಿಯುವ ಮನುಷ್ಯರೂ ಇರುತ್ತಾರೆಂದು ಪಂಜರದ ಮೇಲೆ ಒಣಹುಲ್ಲು ಹೊದಿಸಿದಳು. ಗುರುತಿಗೆ ಒಂದು ಕಡ್ಡಿಯನ್ನೂ ನೆಡಲಿಲ್ಲ. ವಾಲಿದ ಕಲ್ಲುಕಂಬದಿಂದ ನೇರ ಮೂವತ್ತೆರಡು ಹೆಜ್ಜೆ, ಅಲ್ಲಿಂದ ನೀರಿನ ಕಡೆಗೆ ಏಳು. ಅದು ಮೊದಲ ಗೂಡು. ಎರಡನೆಯದು ಅದರಾಚೆ, ಹದಿನೆಂಟು ದಿನ ತಡವಾಗಿ ಇಟ್ಟದ್ದು, ಅದಕ್ಕೂ ಅಂಥದ್ದೇ ಪಂಜರ. ಲೆಕ್ಕವೆಲ್ಲ ಅವಳ ತಲೆಯಲ್ಲಿ, ತಾರೀಕು ಮಾತ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ.

ಮೊದಲ ಗೂಡಿಗೆ ಐವತ್ಮೂರು ದಿನವಾದಾಗ ಕಾಲುದಾರಿಯ ಒಂದು ಹಲಗೆ ಮುರಿದು, ನೋಡಲು ಬಂದವರೊಬ್ಬರು ಬಿದ್ದು ಕಾಲು ಮುರಿದುಕೊಂಡರು. ಮರುದಿನ ಗೇಟಿಗೆ ಬೀಗ. ತನಿಖೆ ಮುಗಿಯುವ ತನಕ ಸಿಬ್ಬಂದಿ, ಸ್ವಯಂಸೇವಕರು, ಯಾರೂ ಒಳಗೆ ಹೋಗಬಾರದೆಂದು ಹಾಳೆ ಅಂಟಿಸಿದ್ದರು.

ಅಕ್ಕ ತಾಣದ ಅಧಿಕಾರಿಗೆ ಫೋನ್ ಮಾಡಿದಳು. "ನಾನೇ ಒಳಗೆ ಕಾಲಿಡೋ ಹಾಗಿಲ್ಲಮ್ಮ, ನನ್ನ ಮೇಲೇ ತನಿಖೆ ನಡೀತಿದೆ" ಎಂದರು ಅವರು. ಅವರ ದನಿ ಕೇಳಿ ಅಕ್ಕನೇ ಅವರಿಗೆ ಸಮಾಧಾನ ಹೇಳಿ ಫೋನ್ ಇಟ್ಟಳು. ಆಮೇಲೆ ನಾವಿಬ್ಬರೂ ಮೇಲಿನ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಕುರ್ಚಿ ತೋರಿಸಿದ, ನೀರು ಕೊಟ್ಟ, ಪೂರ್ತಿ ಕೇಳಿಸಿಕೊಂಡ.

"ಅರ್ಜಿ ಕೊಡಿ ಮೇಡಂ, ಮೇಲಕ್ಕೆ ಕಳಿಸ್ತೀನಿ."

"ಎಷ್ಟು ದಿನ ಆಗತ್ತೆ?"

"ಅದನ್ನ ಮೇಲಿನೋರು ಹೇಳ್ಬೇಕು."

"ಅಷ್ಟರಲ್ಲಿ ಮರಿ ಮೇಲೆ ಬಂದ್ಬಿಡತ್ತೆ. ಬಾಗ್ಲು ಹಾಕಿದೆ."

"ಅದನ್ನೇ ಅರ್ಜೀಲಿ ಬರೀರಿ" ಎಂದ, ತುಂಬ ಮರ್ಯಾದೆಯಿಂದ.

ಒರಟಾಗಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ನಾಲ್ಕು ದಿನ ನಾಲ್ಕು ಮೇಜುಗಳ ಮುಂದೆ ನಿಂತೆವು. ಎಲ್ಲರೂ ಒಳ್ಳೆಯವರು, ಯಾರ ಕೈಯಲ್ಲೂ ಏನೂ ಇಲ್ಲ. ಬೇಲಿ ಹಾರುತ್ತೇನೆಂದು ನಾನು ಹೊರಟೆ. "ನಿನ್ನ ತೂಕಕ್ಕೆ ಬೇಲಿ ಮಲಗತ್ತೆ, ಆಮೇಲೆ ನಿನ್ನ ಎತ್ತೋಕೆ ಕ್ರೇನ್ ತರಿಸ್ಬೇಕು" ಎಂದಳು. ಅವಳ ಭಯ ಬೇರೆಯೇ ಇತ್ತು. ಆದೇಶ ಮೀರುವುದಿಲ್ಲವೆಂದು ಸ್ವಯಂಸೇವಕರೆಲ್ಲ ಸಹಿ ಹಾಕಿದ್ದರು. ಒಬ್ಬರು ಸಿಕ್ಕಿಬಿದ್ದರೂ ಎಲ್ಲರ ಟೋಪಿ ಹೋಗುತ್ತಿತ್ತು, ಮುಂದಿನ ವರ್ಷದ ಗೂಡುಗಳಿಗೆ ದಿಕ್ಕಿರುತ್ತಿರಲಿಲ್ಲ.

ಉಳಿದವನು ಗೇಟಿನ ಕಾವಲುಗಾರ. ಆರಡಿ ದಾಟಿದ ಆಳು, ಎಲ್ಲರೂ ಕರೆಯುವುದು ಏಣಿ ಎಂದೇ. ಅಕ್ಕ ದಿನಾ ಬೆಳಗ್ಗೆ ಬೀಗದ ಮುಂದೆ ಬಂದು ನಿಲ್ಲುವುದನ್ನು ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಐವತ್ತೊಂಬತ್ತನೇ ದಿನ ಅವನೇ ಬಾಯಿಬಿಟ್ಟ.

"ಎಲ್ಲಿದೆ ಹೇಳಿ ಅಮ್ಮ, ಓಡ್ಹೋಗಿ ಚಿಲಕ ತೆಗ್ದು ಬರ್ತೀನಿ. ಹತ್ತು ನಿಮಿಷ. ಆಮೇಲೆ ನನ್ನ ಹಣೆಬರಹ."

ಅಕ್ಕ ಎರಡು ಸಲ ಹೇಳಿದಳು. ವಾಲಿದ ಕಂಬ, ಮೂವತ್ತೆರಡು ಹೆಜ್ಜೆ, ನೀರಿನ ಕಡೆಗೆ ಏಳು, ಒಣಹುಲ್ಲು. ಏಣಿ ಬಾಯಿಪಾಠ ಒಪ್ಪಿಸಿ ಜೊಂಡಿನೊಳಗೆ ಮಾಯವಾದ. ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು. ಬಂದಾಗ ಅವನ ಪ್ಯಾಂಟು ಮೊಣಕಾಲಿನ ತನಕ ಒದ್ದೆ.

"ಮೂವತ್ತೆರಡಕ್ಕೆ ನೀರೊಳಗೇ ಹೋದೆ ಅಮ್ಮ. ಸುತ್ತ ಹುಡುಕಿದೆ. ಅಲ್ಲೆಲ್ಲ ಒಣಹುಲ್ಲೇ."

ಅಕ್ಕ ಅವನ ಕಾಲು ನೋಡಿದಳು, ತನ್ನ ಕಾಲು ನೋಡಿಕೊಂಡಳು. ಮೂವತ್ತೆರಡು ಹೆಜ್ಜೆ ಅವಳವು. ಬೇರೆಯವರ ಕಾಲಲ್ಲಿ ಅಳೆಯುವ ದಿನ ಬರುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಒಡನೆ ರಸ್ತೆಯ ಮೇಲೆ ಅವನನ್ನು ನಡೆಸಿದಳು, ಪಕ್ಕದಲ್ಲಿ ತಾನೂ ನಡೆದಳು, ಬೆರಳು ಮಡಿಸಿ ಲೆಕ್ಕ ಹಾಕಿದಳು. ಅವನ ಹದಿನೇಳು, ಹೆಚ್ಚೆಂದರೆ ಹದಿನೆಂಟು. ಏಣಿ ತಿರುಗಿ ಗೇಟಿಗೆ ಕೈ ಹಾಕಿದ್ದ, ಅಷ್ಟರಲ್ಲಿ ತನಿಖೆಯವರ ಜೀಪು ಬಂದು ನಿಂತಿತು. ಅದರಿಂದ ಇಳಿದವರು ಒದ್ದೆ ಪ್ಯಾಂಟು ನೋಡಿದರು. ಮರುದಿನದಿಂದ ಗೇಟಿನಲ್ಲಿ ಏಣಿಯ ಜೊತೆ ಇನ್ನೊಬ್ಬನನ್ನು ಕೂರಿಸಿದರು, ಅವನ ಮೇಲೆ ಕಣ್ಣಿಡಲಿಕ್ಕೆ.

ಆಮೇಲಿನ ದಿನಗಳಲ್ಲಿ ಅಕ್ಕ ಬೆಳಗ್ಗೆ ಎದ್ದು ಟೋಪಿ ಹಾಕಿಕೊಂಡು ಕೂರುವಳು, ಹೋಗಲು ಜಾಗವಿಲ್ಲ. ನನ್ನ ಹೆಂಡತಿ, "ಮರಿ ಇನ್ನೂ ಬಂದಿರಲ್ಲ ಅತ್ತಿಗೆ, ಈ ಸಲ ತಡ ಆಗಿರತ್ತೆ" ಎನ್ನುವಳು. ಅಕ್ಕ ತಲೆಯಾಡಿಸುವಳು. ನಾನು ಕಾರಿನಲ್ಲಿ ಕಲಿಯುವವರ ಮೇಲೆ ಕಾರಣವಿಲ್ಲದೆ ರೇಗಿದೆ. ಬೇರೇನು ಮಾಡಬೇಕೆಂದು ನನಗೂ ತೋಚಲಿಲ್ಲ.

ಅರವತ್ತೇಳನೇ ದಿನ ಮಧ್ಯಾಹ್ನ ಏಣಿ ಫೋನ್ ಮಾಡಿದ. ತನಿಖೆಯವರು ಹೋಗಿದ್ದರು, ಸಂಜೆಯ ತನಕ ಸ್ವಯಂಸೇವಕರನ್ನು ಬಿಡಬಹುದೆಂದು ಹೇಳಿದ್ದರು. ನಾಳೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ದುರಸ್ತಿಗೆಂದು ಮತ್ತೆ ಮುಚ್ಚಿದರೂ ಮುಚ್ಚಬಹುದಂತೆ, ಏಣಿಯ ಮೇಲಿನ ಕಣ್ಗಾವಲೂ ಹಾಗೇ ಇತ್ತು.

ಗೇಟಿನಲ್ಲಿ ನನ್ನನ್ನೂ ಅವಳ ಜೊತೆ ಬಿಟ್ಟರು. ಅಕ್ಕ ಕಂಬದಿಂದ ಹೆಜ್ಜೆ ಎಣಿಸಲಿಲ್ಲ, ನೇರ ಹೋದಳು. ಹುಲ್ಲು ಸರಿಸಿದಳು. ಮರಿಗಳು ಮೇಲೆ ಬಂದಿದ್ದವು. ಹತ್ತೊಂಬತ್ತು. ಒಂದೊಂದೂ ಕೋಟಿನ ಗುಂಡಿಯಷ್ಟು ದೊಡ್ಡದು. ಎಲ್ಲವೂ ಒಂದೇ ಕಡೆ, ನೀರಿನ ಕಡೆಯ ಜಾಲರಿಗೆ ಒತ್ತಿಕೊಂಡು ಒಣಗಿದ್ದವು. ಕೆಲವು ಒಂದರ ಮೇಲೊಂದು ಹತ್ತಿದ್ದವು. ಅಲ್ಲಿಂದ ನೀರು ಕಾಣುತ್ತಿತ್ತು.

ಪಂಜರದ ಸುತ್ತ ಮರಳಿನಲ್ಲಿ ಇಲಿ ಕೆರೆದ ಗುರುತುಗಳಿದ್ದವು, ನಾಲ್ಕೂ ಕಡೆ. ಒಂದು ಇಲಿಗೂ ಒಳಗೆ ಹೋಗಲು ಆಗಿರಲಿಲ್ಲ.

ನಾನು ಗುಮಾಸ್ತನನ್ನು, ಜೀಪಿನವರನ್ನು, ಆ ಮುರಿದ ಹಲಗೆಯನ್ನು, ಎಲ್ಲರನ್ನೂ ಬಾಯಿಗೆ ಬಂದಂತೆ ಬೈದೆ.

"ಸುಮ್ನಿರೋ. ಜಾಲರಿ ಹೊಲ್ದಿದ್ದು ಅವರಲ್ಲ" ಎಂದಳು.

ಚಿಲಕ ತೆಗೆದು ಒಂದೊಂದನ್ನೇ ಎತ್ತಿ ಟೋಪಿಯಲ್ಲಿ ಇಟ್ಟಳು. ಒಂದಾದರೂ ಕಾಲಾಡಿಸುತ್ತದೆಯೇ ಎಂದು ಪ್ರತಿಯೊಂದನ್ನೂ ಅಂಗೈಯಲ್ಲಿಟ್ಟು ಕಾದಳು. ನಾನೂ ಕಾದೆ. ಹತ್ತೊಂಬತ್ತೂ ಮುಗಿದವು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಆಮೇಲೆ ಎರಡನೇ ಗೂಡಿಗೆ ಹೋದೆವು. ಅದಕ್ಕಿನ್ನೂ ನಲವತ್ತೊಂಬತ್ತನೇ ದಿನ. ಮರಳು ಕದಡಿರಲಿಲ್ಲ, ಒಳಗೆ ಎಲ್ಲ ಹಾಗೇ ಇತ್ತು. ಅಲ್ಲಿಯೂ ಪಂಜರದ ಸುತ್ತ ಇಲಿಯ ಗುರುತು, ಇನ್ನೂ ಹಸಿ. ಅಕ್ಕ ಮಂಡಿಯೂರಿ ಬಾಗಿಲು ತೆರೆದಳು. ಸ್ವಲ್ಪ ಹೊತ್ತು ನೋಡಿ ಮುಚ್ಚಿದಳು. ಮತ್ತೆ ತೆರೆದಳು. ಗೇಟಿನಿಂದ ಏಣಿ ಹೊತ್ತಾಯಿತೆಂದು ಸೀಟಿ ಊದಿದ.

"ತೆರೆದಿಟ್ಟು ಹೋದ್ರೆ ಇವತ್ತೇ ಇಲಿ ನುಗ್ಗತ್ತೆ" ಎಂದಳು. "ಮುಚ್ಚಿ ಹೋದ್ರೆ, ನಾಳೆ ಗೇಟ್ ತೆಗೀದೇ ಇದ್ರೆ..."

ಚಿಲಕದ ಮೇಲೆ ಬೆರಳಿಟ್ಟುಕೊಂಡೇ ನನ್ನ ಕಡೆ ತಿರುಗಿದಳು.

"ನೀನೇ ಹೇಳೋ. ಮುಚ್ಲಾ, ಬಿಡ್ಲಾ?"

ನಾನು ಹುಟ್ಟಿದಾಗಿನಿಂದ ಅಕ್ಕ ಯಾವುದಕ್ಕೂ ನನ್ನ ಸಲಹೆ ಕೇಳಿದವಳಲ್ಲ. ನಾನೋ, ಕೇಳದೆಯೇ ಊರಿಗೆಲ್ಲ ಬುದ್ಧಿ ಹೇಳುವವನು. ಅವಳ ಪಕ್ಕದಲ್ಲಿ ಮರಳಿನ ಮೇಲೆ ಕೂತೆ. ಏಣಿ ಎರಡನೇ ಸಲ ಸೀಟಿ ಊದಿದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.