ಏನ್ ಹಾಕಿದ್ರೂ ಓಡುವ ಪ್ಲೇಯರ್

ಪೆಟ್ಟಿಗೆಯ ಮೇಲಿನದನ್ನೆಲ್ಲ ಓದದೆ ನಾನು ಯಾವ ವಸ್ತುವನ್ನೂ ಕೊಂಡವನಲ್ಲ. ಬಟವಾಡಿಯ ಅಂಗಡಿಯಲ್ಲಿದ್ದ ಹೈ ಡೆಫಿನಿಷನ್ ಪ್ಲೇಯರಿನ ಪೆಟ್ಟಿಗೆಯ ಮೇಲೆ ಹನ್ನೊಂದು ಬಗೆಯ ಡಿಸ್ಕುಗಳ ಹೆಸರುಗಳಿದ್ದವು. ನಮಗೆ ಓಡಬೇಕಾದದ್ದು ಒಂದೇ, ನಮ್ಮ ಮದುವೆಯ ಡಿಸ್ಕು. ಅದರಲ್ಲಿ ಮಾವನವರು ವಚನ ಹಾಡಿದ್ದಾರೆ. ಅವರು ಈಗಿಲ್ಲ. ಮನೆಯ ಹಳೆಯ ಪ್ಲೇಯರ್ ಕೆಟ್ಟ ಮೇಲೆ ನನ್ನ ಹೆಂಡತಿ ಅಪ್ಪನ ದನಿ ಕೇಳಿಲ್ಲ.

“ಏನ್ ಹಾಕಿದ್ರೂ ಓಡುತ್ತೆ ಸಾರ್,” ಎಂದ ಅಂಗಡಿಯವನು.

“ಹಾಗಾದ್ರೆ ಇದನ್ನ ಹಾಕಿ.”

ಪ್ಲೇಯರ್ ನಮ್ಮ ಡಿಸ್ಕನ್ನು ನುಂಗಿ, ಗೊರಗೊರ ಎಂದು, ‘ನೋ ಡಿಸ್ಕ್’ ಎಂದು ತೋರಿಸಿ ಹೊರಗುಗುಳಿತು.

“ನಿಮ್ ಡಿಸ್ಕೇ ಸರಿ ಇಲ್ಲ ಸಾರ್. ನಮ್ದು ನೋಡಿ, ಏನ್ ಕ್ಲಾರಿಟಿ!” ಅವನು ಹಾಕಿದ ಡಿಸ್ಕಿನಲ್ಲಿ ಬಣ್ಣದ ಮೀನುಗಳು ಈಜಿದವು.

“ನಾನು ಮೀನು ನೋಡೋಕೆ ಬಂದಿಲ್ಲ. ಈ ಹನ್ನೊಂದರಲ್ಲಿ ಎಷ್ಟು ಸುಳ್ಳು ಅಂತ ಹೇಳಿ.”

ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿ ಅವನಿಗೆ ಏನನ್ನಿಸಿತೋ, “ಇರಿ ಅಕ್ಕಾ,” ಎಂದು ಮೇಜಿನ ಕೆಳಗಿಂದ ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೇ ಪ್ಲೇಯರೊಂದನ್ನು ಎಳೆದ. ನಮ್ಮ ಡಿಸ್ಕು ಹಾಕಿ ಅದರ ನೆತ್ತಿಗೊಂದು ತಟ್ಟಿದ. ಮಾವನವರು ಹಾಡತೊಡಗಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದನ್ನೇ ಕೊಡಿ,” ಎಂದೆ.

“ಅಯ್ಯೋ, ಇದು ಮಾರೋದಲ್ಲ ಸಾರ್! ಹೊಸದ್ರಲ್ಲಿ ಓಡ್ತಿಲ್ಲ ಅಂತ ಗಿರಾಕಿಗಳು ಗಲಾಟೆಗೆ ಬಂದ್ರೆ, ಅವ್ರ ಡಿಸ್ಕ್ ಹಾಕಿ ತೋರ್ಸೋಕೆ ನಂಗಿರೋದು ಇದೊಂದೇ.”

ಪೆಟ್ಟಿಗೆಯ ಮೇಲೆ ‘ಇದರಲ್ಲಿ ಓಡದಿದ್ದರೆ ಅಂಗಡಿಯ ಹಳೇದರಲ್ಲಿ ಹಾಕಿ ತೋರಿಸುತ್ತೇವೆ’ ಅಂತಲೂ ಅಚ್ಚು ಹಾಕಿಸಿದ್ದರೆ ಹೊಸದನ್ನು ಕೊಂಡೇಬಿಡುತ್ತಿದ್ದೆನೇನೋ. ಕೊಳ್ಳಲಿಲ್ಲ. ಹೆಂಡತಿಗೆ ಅಪ್ಪನ ನೆನಪಾದಾಗೆಲ್ಲ ಬಟವಾಡಿಗೇ ಹೋಗುತ್ತೇವೆ. ಅವನು ಅಕ್ಕನಿಗೆ ಕುರ್ಚಿ ಹಾಕುತ್ತಾನೆ, ಮೀನಿನ ಮಾತೆತ್ತುವುದಿಲ್ಲ.