ವಾಪಸ್ ಎಣ್ಣೆ

ಅಪ್ಪನ ಹಳೆಯ ಕಾರು ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಟ್ಟರೆ ಮನೆಯಲ್ಲಿ ಉಳಿಯುತ್ತದೆ, ಕೊಡದಿದ್ದರೆ ಗೋವಾಕ್ಕೆ ಹೋಗುತ್ತದೆ. ಅಣ್ಣ ಈ ಮಾತು ಆಡಿದ್ದು ಊಟದ ಹೊತ್ತಿನಲ್ಲಿ, ಅಪ್ಪ ಬಂಗಡೆಯ ಮುಳ್ಳು ಬಿಡಿಸುತ್ತಿದ್ದಾಗ. ಅಪ್ಪ ತಲೆ ಎತ್ತದೆ "ಆಯ್ತು" ಅಂದ. ಅಪ್ಪ ಒಮ್ಮೆ ಆಯ್ತು ಅಂದರೆ ಮುಗಿಯಿತು, ಆಮೇಲೆ ಅವನ ಕಾಲಿಗೆ ಬಿದ್ದರೂ ಮಾತು ಬದಲಾಗುವುದಿಲ್ಲ. ಗೋವಾದಲ್ಲಿ ಒಬ್ಬ ಹೋಟೆಲಿನವನು ಅದನ್ನು ಕೊಳ್ಳಲು ಕಾದು ಕೂತಿದ್ದ. ಹೋಟೆಲಿನ ಮುಂದೆ ತೆಂಗಿನ ಮರದ ಕೆಳಗೆ ನಿಲ್ಲಿಸುತ್ತಾನಂತೆ, ಬಂದವರು ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಕೇಳಿಯೇ ನನ್ನ ಮೈ ಉರಿದಿತ್ತು.

ಅಪ್ಪ ಐವತ್ತು ವರ್ಷ ಸಮುದ್ರದಲ್ಲಿ ಮೀನು ಹಿಡಿದವನು. ಕೋಡಿಬಾಗದ ನಮ್ಮ ಮನೆಯಲ್ಲಿ ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಎಲ್ಲದಕ್ಕೂ ಒಂದೇ ಹೆಸರು, ಎಣ್ಣೆ. ದೋಣಿಗೆ ಹೋಗುವಾಗ ಅಪ್ಪ ಒಂದು ಕ್ಯಾನ್ ಬೇರೆ ಇಡುತ್ತಿದ್ದ. ಅದು ವಾಪಸ್ ಎಣ್ಣೆ. ಕಣ್ಣೆದುರಿಗೆ ಬಂಗಡೆಯ ಹಿಂಡೇ ಎದ್ದರೂ, ಇನ್ನು ಸ್ವಲ್ಪ ಮುಂದೆ ಹೋದರೆ ಸಿಗುತ್ತದೆ ಅನಿಸಿದರೂ, ಆ ಕ್ಯಾನಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಅದು ಹೋಗಲಿಕ್ಕಲ್ಲ, ಮನೆಗೆ ಬರಲಿಕ್ಕೆ. ದೋಣಿ ಬಿಟ್ಟ ಮೇಲೆ ಹಬ್ಬುವಾಡದ ಒಬ್ಬ ಡಾಕ್ಟರಿಂದ ಈ ಕಾರು ಕೊಂಡ. ದೋಣಿಯ ಪದ್ಧತಿಯೆಲ್ಲ ಕಾರಿಗೂ ಬಂತು. ಎಣ್ಣೆ ತೋರಿಸುವ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು, ಅದಕ್ಕೆ ಗೆರೆ ಕೊರೆದ ಬಿದಿರಿನ ಕೋಲನ್ನು ಟಾಂಕಿಗೆ ಅದ್ದಿ ನೋಡುತ್ತಿದ್ದ. ಡಿಕ್ಕಿಯಲ್ಲಿ ಒಂದು ಸಣ್ಣ ಲಂಗರೂ ಇತ್ತು. ಹ್ಯಾಂಡ್‌ಬ್ರೇಕ್ ಅಷ್ಟಕ್ಕಷ್ಟೆ, ಇಳಿಜಾರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಅದನ್ನೇ ಅಡ್ಡ ಇಡುವುದು. ಲಂಗರಿನ ಪಕ್ಕದಲ್ಲಿ ಐದು ಲೀಟರಿನ ಕ್ಯಾನು, ವಾಪಸ್ ಎಣ್ಣೆ.

ಪ್ರತಿ ಭಾನುವಾರ ನಾನು ಕಾರು ಓಡಿಸುವುದು, ಅಪ್ಪ ಪಕ್ಕದಲ್ಲಿ ಕೂರುವುದು, ಅಂಕೋಲೆ ದಾಟಿ ಮಂಜಗುಣಿಗೆ ಹೋಗುವುದು. ಅಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಹಾಸಿಗೆ ಹಿಡಿದಿದ್ದಾಳೆ. ಅಪ್ಪನನ್ನು ಹೆಸರು ಹಿಡಿದು ಗದರಿಸುವವಳು ಈಗ ಅವಳೊಬ್ಬಳೇ. ಅಣ್ಣನ ಹೊಸ ಕಾರಿನಲ್ಲಿ ಅಪ್ಪನಿಗೆ ವಾಂತಿ ಬರುತ್ತದೆ. ಕಿಟಕಿಯ ಕಾಜು ಮುಚ್ಚಿದರೆ ಗಾಳಿ ಎತ್ತಲಿಂದ ಬೀಸುತ್ತಿದೆ ಗೊತ್ತಾಗುವುದಿಲ್ಲ, ತಾನೆಲ್ಲಿದ್ದೇನೆ ಗೊತ್ತಾಗುವುದಿಲ್ಲ ಎನ್ನುತ್ತಾನೆ. ಬಸ್ಸು ಹತ್ತಲಿಕ್ಕೆ ಮೊಣಕಾಲು ಬಿಡುವುದಿಲ್ಲ. ಕಾರು ಹೋದರೆ ಭಾನುವಾರವೂ ಹೋಯಿತು, ಅಷ್ಟೆ.

ಅಣ್ಣನನ್ನು ಬಯ್ಯಲಿಕ್ಕೂ ನನಗೆ ಬಾಯಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಅವರ್ಸಾ ಹತ್ತಿರ ಹೆದ್ದಾರಿಯಲ್ಲಿ ಎಣ್ಣೆ ಮುಗಿದು ಕಾರು ನಿಂತಿತು. ಅಪ್ಪ ನಗುತ್ತಲೇ ಇಳಿದು ಡಿಕ್ಕಿ ತೆಗೆದ. ಕ್ಯಾನು ಎತ್ತಿದವನು ಹಾಗೇ ನಿಂತ. ಅದು ಖಾಲಿಯಿತ್ತು. ಮೂರು ದಿನದ ಹಿಂದೆ ಶಾಲೆಗೆ ತಡವಾಯಿತೆಂದು ಅದನ್ನು ನನ್ನ ಸ್ಕೂಟರಿಗೆ ಸುರಿದುಕೊಂಡವಳು ನಾನು. ಸಂಜೆ ತುಂಬಿಸಿದರಾಯಿತು ಅಂದುಕೊಂಡೆ, ಮರೆತೆ. ಎರಡು ತಾಸು ಬಿಸಿಲಿನಲ್ಲಿ ನಿಂತೆವು. ಅಪ್ಪ ಒಮ್ಮೆ ಓಲಾಡಿ ರಸ್ತೆಯ ಬದಿಗೆ ಕುಸಿದ. ಲಾರಿಯವನೊಬ್ಬ ನೀರು ಕೊಡದಿದ್ದರೆ ಏನಾಗುತ್ತಿತ್ತೋ. ಅಣ್ಣ ಬಂದಾಗ ಅಪ್ಪನೇ ಮೊದಲು ಬಾಯಿ ತೆರೆದ.

"ಕ್ಯಾನ್ ತುಂಬೂಕೆ ನಾನೇ ಮರ್ತೆ."

ನಾನು ತೆಪ್ಪಗಿದ್ದೆ. ತರಗತಿಯಲ್ಲಿ ಸೀಮೆಸುಣ್ಣ ಮುರಿದವರು ಯಾರು, ಒಪ್ಪಿಕೊಳ್ಳಿ ಎಂದು ಮಕ್ಕಳನ್ನು ನಿಲ್ಲಿಸಿ ಗದರಿಸುವ ಟೀಚರು ನಾನು. ಆ ದಿನದ ನನ್ನ ಮೇಲೆ ನನಗೆ ಇವತ್ತಿಗೂ ಹೇಸಿಗೆಯಿದೆ.

"ಎಷ್ಟ್ ಎಣ್ಣೆಗೆ ಎಷ್ಟ್ ದೂರ ಹೋಗ್ತದೆ ಗೊತ್ತಿಲ್ದೆ ಇದ್ದ ಇಂಜಿನ್ ತಕಂಡು ನೀನು ಸಮುದ್ರಕ್ಕೆ ಇಳಿತಿದ್ಯಾ ಅಪ್ಪ?" ಎಂದು ಅಣ್ಣ ಕೇಳಿದ. ಅವನ ದನಿ ನಡುಗುತ್ತಿತ್ತು. ಹನ್ನೆರಡರ ಷರತ್ತು ಹುಟ್ಟಿದ್ದು ಅಲ್ಲಿಂದ. ಕಾರು ಕೊಂಡ ಹೊಸದರಲ್ಲಿ ಲೀಟರಿಗೆ ಹನ್ನೆರಡು ಕೊಡುತ್ತದೆ ಎಂದು ಊರಿಡೀ ಹೇಳಿಕೊಂಡು ತಿರುಗಿದವನು ಅಪ್ಪನೇ. ಈಗ ಒಂಬತ್ತೂ ದಾಟುತ್ತಿರಲಿಲ್ಲ.

ಒಂದು ತಿಂಗಳು ನಾನು ಆ ಕಾರಿನ ಬೆನ್ನು ಬಿಡಲಿಲ್ಲ. ಶಾಲೆ ಬಿಟ್ಟೊಡನೆ ಗ್ಯಾರೇಜು. ಮೇಸ್ತ್ರಿ ಪ್ಲಗ್ ಬಿಚ್ಚಿ ತೋರಿಸಿದ, ತುದಿ ಕಾಡಿಗೆಯಷ್ಟು ಕಪ್ಪು. ಇಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತಿದೆ ಎಂದು ಅರ್ಥ. ಬಿಳಿಚಿದರೆ ಎಣ್ಣೆ ಕಡಿಮೆಯಾಗಿ ಇಂಜಿನ್ ಕಾಯುತ್ತಿದೆ ಎಂದು, ಬಿಸ್ಕೀಟಿನ ಬಣ್ಣ ಬಂದರೆ ಸರಿ. ಕಾರ್ಬೋರೇಟರ್ ಬಿಚ್ಚಿ ತೊಳೆಸಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರಲ್ಲ, ಅದಕ್ಕೆ ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಸಣ್ಣಗೆ ಸೋರುತ್ತಿತ್ತು, ಅದನ್ನೂ ಬದಲಿಸಿದೆ. ಜಾಕ್ ಕೊಟ್ಟು ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದೆವು. ಹಿಂದಿನದೊಂದು ಬ್ರೇಕಿಗೆ ಉಜ್ಜಿಕೊಂಡೇ ತಿರುಗುತ್ತಿತ್ತು. ಬ್ರೇಕ್ ಸಡಿಲಿಸಲು ಹೇಳಿದೆ. ಮೇಸ್ತ್ರಿ, "ಇಷ್ಟ್ ಸಾಕು ಅಕ್ಕೋರೆ," ಅಂದ. ಇನ್ನೂ ಸ್ವಲ್ಪ ಎಂದು ಹಟ ಮಾಡಿದೆ. ಚಕ್ರ ಒಮ್ಮೆ ದೂಡಿದರೆ ತಾನಾಗಿಯೇ ತಿರುಗುತ್ತ ಇರುವುದನ್ನು ನೋಡಿ ಖುಷಿಪಟ್ಟೆ. ಪ್ಲಗ್ ಬಿಸ್ಕೀಟಿನ ಬಣ್ಣಕ್ಕೆ ಬಂತು. ಆದರೂ ಹನ್ನೊಂದೇ. ಉಳಿದ ಒಂದು ಎಲ್ಲಿಂದ ತರುವುದು ಎಂದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಅಣ್ಣ ಪೈಪು ಹಾಕಿ ಟಾಂಕಿ ಖಾಲಿ ಮಾಡಿದ. ನಮ್ಮಿಬ್ಬರ ಎದುರಿಗೆ ನಾಲ್ಕು ಲೀಟರ್ ಅಳೆದು ಹೊಯ್ದ. ಮನೆಯಿಂದ ಹಬ್ಬುವಾಡ ಸುತ್ತಿಕೊಂಡು ಅತ್ತೆಯ ಮನೆ ಬಾಗಿಲ ತನಕ ನಲವತ್ತೆಂಟು ಕಿಲೋಮೀಟರ್, ಅವನೇ ತನ್ನ ಕಾರಿನಲ್ಲಿ ಅಳೆದು ಬಂದಿದ್ದ. ಮುಟ್ಟಿದರೆ ಗೆದ್ದಂತೆ. ಆಮೇಲೆ ಲಂಗರನ್ನೂ ಕ್ಯಾನನ್ನೂ ಎತ್ತಿ ಜಗಲಿಯ ಮೇಲಿಟ್ಟ. ಕ್ಯಾನು ಇಳಿಸುವಾಗ ಅಪ್ಪ ಬೇರೆ ಕಡೆ ನೋಡಿದ.

ಹೊರಟೆವು. ಹಪ್ಪಳದ ಮೇಲೆ ಕಾಲಿಟ್ಟ ಹಾಗೆ ಎಕ್ಸಲರೇಟರ್ ಮೇಲೆ ಪಾದ ಇಟ್ಟಿದ್ದೆ. ವೇಗ ನಲವತ್ತೈದು, ಮೇಲೆ ಹೋಗಬಾರದು, ಕೆಳಗೂ ಇಳಿಯಬಾರದು. ಹೆದ್ದಾರಿಯ ಸುರಂಗ ದಾಟುವಾಗ ಹಿಂದಿನ ಟ್ಯಾಂಕರಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ಅರ್ಗಾದ ಆಚೆ ಒಂದು ಏರಿನಲ್ಲಿ ಇಂಜಿನ್ ಟಿಣಿಟಿಣಿ ಅನ್ನತೊಡಗಿತು.

"ಅದಕ್ಕೆ ಉಸಿರ್ ಕಟ್ತದೆ ಮಗಾ. ಗೇರ್ ಇಳ್ಸು," ಅಂದ ಅಪ್ಪ.

"ಗೇರ್ ಇಳಿಸಿದ್ರೆ ಎಣ್ಣೆ ಕುಡಿತದೆ. ನೀನು ಸುಮ್ನೆ ಕೂತ್ಕೊ."

ಏರು ಮುಗಿದು ಇಳಿಜಾರು ಬಂದದ್ದೇ ನಾನು ನ್ಯೂಟ್ರಲ್ ಮಾಡಿ ಚಾವಿ ತಿರುಗಿಸಿದೆ. ಇಂಜಿನ್ ಬಂದಾಯಿತು. ಕಾರು ಸದ್ದಿಲ್ಲದೆ ತಾನೇ ಉರುಳಿತು. ಇದೇ ನಾನು ಮುಚ್ಚಿಟ್ಟಿದ್ದ ಒಂದು ಕಿಲೋಮೀಟರ್. ಅಪ್ಪ ನನ್ನತ್ತ ತಿರುಗಿದ.

"ಇದು ಬೇಡ."

"ಬೇಕು," ಅಂದೆ. ಅಪ್ಪನಿಗೆ ಹಾಗೆ ಎದುರುತ್ತರ ಕೊಟ್ಟದ್ದು ಅಪರೂಪ.

ಹೀಗೆ ಮೂರು ಇಳಿಜಾರು ಇಳಿದೆ. ಪ್ರತಿ ಸಲವೂ ಅಪ್ಪನ ಕೈ ಬಾಗಿಲಿನ ಹಿಡಿಕೆಗೆ ಹೋಗುತ್ತಿತ್ತು. ಮೈ ಬೆವರಿ ಬೆನ್ನಿಗೆ ಸೀರೆ ಅಂಟಿಕೊಂಡಿತ್ತು, ಆದರೆ ಲೆಕ್ಕ ಸರಿಯಾಗಿ ಬರುತ್ತಿತ್ತು. ಅಂಕೋಲೆಗೆ ಸ್ವಲ್ಪ ಮೊದಲು ನಾಲ್ಕನೆಯದು. ಕೆಳಗೆ ಬಸ್ಸೊಂದು ನಿಂತಿತ್ತು. ಅದನ್ನು ದಾಟಿ ಹೋಗಬೇಕು ಅನ್ನುವಷ್ಟರಲ್ಲಿ ಬಸ್ಸಿನ ಮುಂದಿನಿಂದ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಇಳಿದಳು. ಬ್ರೇಕ್ ಒತ್ತಿದೆ. ನಾನೇ ಹಟ ಹಿಡಿದು ಸಡಿಲಿಸಿದ ಬ್ರೇಕು ಮೊದಲ ಸಲಕ್ಕೆ ಹಿಡಿಯಲೇ ಇಲ್ಲ. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಅಪ್ಪ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದ. ಕಾರು ಕಿರುಚಿ ನಿಂತಾಗ ಬಂಪರು ಅವಳ ಸೀರೆಗೆ ತಾಗಿತ್ತು. ಬುಟ್ಟಿ ಬಿದ್ದು ತಾರ್ಲೆ ಮೀನು ರಸ್ತೆಯಿಡೀ ಚೆಲ್ಲಿತು.

ಅವಳು ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು.

"ಇಂಜಿನ್ ಸದ್ದಿದ್ರೆ ನಂಗೆ ಕೇಳ್ತಿತ್ತು ಅಕ್ಕಾ. ನೀವು ಸದ್ದೇ ಇಲ್ದೆ ಬಂದ್ರಿ," ಅಂದಳು.

ಅಪ್ಪ ಇಳಿದ. ಮಡಚಲು ಬಾರದ ಆ ಮೊಣಕಾಲನ್ನು ಊರಿ ರಸ್ತೆಯ ಮೇಲೆ ಕೂತು ಅವಳ ಜೊತೆ ಒಂದೊಂದೇ ಮೀನು ಹೆಕ್ಕಿ ಬುಟ್ಟಿಗೆ ಹಾಕಿದ. ನಾನೂ ಹೆಕ್ಕಿದೆ. ಬುಟ್ಟಿಯನ್ನು ಅವಳ ತಲೆಗೆ ಎತ್ತಿ ಕೊಟ್ಟು ಬಂದು ಕೂತ ಮೇಲೆ ಅಪ್ಪ ಹೇಳಿದ.

"ಇಂಜಿನ್ ಎಬ್ಬಸು. ಇನ್ನು ಅತ್ತೆ ಮನೆ ತನಕ ಇಂಜಿನ್ ಬಂದ್ ಮಾಡೂಕಿಲ್ಲ."

"ಎಣ್ಣೆ ಸಾಲೂದಿಲ್ಲ ಅಪ್ಪ."

"ಗೊತ್ತದೆ."

ಅಂಕೋಲೆ ಪೇಟೆಯಲ್ಲಿ ಒಮ್ಮೆ ನಿಲ್ಲಿಸಿ ಕೋಲು ಅದ್ದಿ ನೋಡೋಣ ಅಂದೆ. ಕೋಲು ಹಾಕಿದರೆ ಎಣ್ಣೆ ಹೆಚ್ಚುತ್ತದೆಯೇ ಎಂದು ಕೇಳಿದ. ಆಮೇಲೆ ನಾನು ರಸ್ತೆ ನೋಡಿದ್ದಕ್ಕಿಂತ ಮೀಟರ್ ನೋಡಿದ್ದೇ ಹೆಚ್ಚು. ನಲವತ್ತಮೂರು, ನಲವತ್ತನಾಲ್ಕು, ನಲವತ್ತೈದು. ಗದ್ದೆಗಳು ಬಂದವು, ಕಿಟಕಿಯಿಂದ ಹೊಳೆಯ ಗಾಳಿ ಬಂತು. ಅಪ್ಪ ಮೂಗೆಳೆದು, "ಹೊಳೆಲಿ ನೀರಿಳಿತ ಶುರುವಾಯ್ತು," ಅಂದ. ನಲವತ್ತಾರೂವರೆಗೆ ಇಂಜಿನ್ ಎರಡು ಸಲ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಇನ್ನು ಒಂದೂವರೆ ಕಿಲೋಮೀಟರ್. ದೂರದಲ್ಲಿ ಗಂಗಾವಳಿ ಹೊಳೆಯ ದಡಕ್ಕೆ ಎಳೆದಿಟ್ಟ ದೋಣಿಗಳು ಕಾಣುತ್ತಿದ್ದವು.

ನಾನು ಬಾಗಿಲು ತೆಗೆದೆ. "ಅಲ್ಲಿ ಯಾವ್ದಾದ್ರೂ ದೋಣಿಯವರ ಹತ್ರ ಅರ್ಧ ಲೀಟರ್ ಎಣ್ಣೆ ತರ್ತೆ. ಅಣ್ಣಂಗೆ ಎಂತಕೆ ಗೊತ್ತಾಗ್ಬೇಕು?"

ಅಪ್ಪ ಮುಂದಿನ ಕಾಜಿನಿಂದ ಹೊಳೆಯನ್ನೇ ನೋಡುತ್ತಿದ್ದ.

"ಕ್ಯಾನಿನ ಎಣ್ಣೆ ಕದ್ದು ಒಂದ್ಸಲ ಸ್ಕೂಟರ್ ಓಡ್ಸಿದ್ದು ಸಾಕು ಮಗಾ."

ಅಷ್ಟೂ ದಿನ ಅವನಿಗೆ ಗೊತ್ತಿತ್ತು. ಬಿಸಿಲಿನಲ್ಲಿ ಕುಸಿದಾಗಲೂ ಗೊತ್ತಿತ್ತು, ಅಣ್ಣನ ಮುಂದೆ ತಾನೇ ಮರೆತೆ ಅಂದಾಗಲೂ ಗೊತ್ತಿತ್ತು. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅಪ್ಪ ಸಮಾಧಾನ ಮಾಡಲಿಲ್ಲ. ನನ್ನ ಫೋನು ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ತಾನೇ ಅಣ್ಣನಿಗೆ ಹಚ್ಚಿದ. "ಮುಟ್ಲಿಲ್ಲ. ಎಣ್ಣೆ ತಕಂಡು ಬಾ," ಅಂದ.

ಅಣ್ಣ ಬಂದವನು ಮೀಟರ್ ನೋಡಿದ, ನನ್ನ ಮುಖ ನೋಡಿದ. ಅವನ ಮನಸ್ಸೂ ಕರಗಿತು. "ಒಂದೂವರೆ ತಾನೆ. ಮುಟ್ಟಿತು ಅಂದ್ಕೊಳ್ವ," ಅಂದ. ನಾನು ಆಗ ಬಾಯಿಬಿಟ್ಟೆ. ಬೇಸಿಗೆಯಲ್ಲಿ ಕ್ಯಾನು ಖಾಲಿ ಮಾಡಿದ್ದು ಅಪ್ಪನಲ್ಲ, ನಾನು. ಕಾರಿನ ತಪ್ಪೂ ಅಲ್ಲ, ಅಪ್ಪನ ತಪ್ಪೂ ಅಲ್ಲ, ಕಾರು ಮಾರಬೇಡ. ಅಣ್ಣ ಏನೋ ಹೇಳಲಿಕ್ಕೆ ಹೊರಟ. ಅಪ್ಪ ಕೈ ಎತ್ತಿ ತಡೆದ.

"ಕ್ಯಾನಿನ ಮಾತಲ್ಲ. ಹನ್ನೆರಡು ಬರ್ಬೇಕು ಹೇಳಿ ಇವ್ಳು ಇಂಜಿನ್ ಬಂದ್ ಮಾಡೂಕೆ ಕಲ್ತಳು. ಸ್ವಲ್ಪ ತಪ್ಪಿದ್ರೆ ಇವತ್ತು ಒಬ್ಳು ಹೆಂಗ್ಸು ಮನೆಗೆ ವಾಪಸ್ ಹೋಗ್ತಿರ್ಲಿಲ್ಲ. ಕಾರು ಹೋಗ್ಲಿ."

ಈಗ ಭಾನುವಾರ ಅಣ್ಣನ ಕಾರಿನಲ್ಲೇ ಮಂಜಗುಣಿಗೆ ಹೋಗುತ್ತೇವೆ, ನಾಲ್ಕೂ ಕಾಜು ಇಳಿಸಿಕೊಂಡು. ಅಪ್ಪನಿಗೆ ವಾಂತಿ ಕಡಿಮೆಯಾಗಿದೆ. ಅಣ್ಣ ಒಳಗೆ ಧೂಳು ಎಂದು ಗೊಣಗುತ್ತಾನೆ, ಕಾಜು ಮಾತ್ರ ಏರಿಸುವುದಿಲ್ಲ. ಇಳಿಜಾರು ಬಂದಾಗ ನನಗೆ ಇಂದಿಗೂ ಬುಟ್ಟಿ ಬಿದ್ದ ಸದ್ದು ಕೇಳುತ್ತದೆ.

ಹೋಟೆಲಿನವನು ಕಾರು ಒಯ್ಯಲು ಬಂದ ದಿನ ಅಪ್ಪ ಬೆಳಿಗ್ಗೆಯೇ ಎದ್ದು ಅದನ್ನು ತೊಳೆದಿದ್ದ. ಬ್ರೇಕನ್ನು ಮೇಸ್ತ್ರಿ ಮೊದಲಿನಂತೆ ಬಿಗಿ ಮಾಡಿದ್ದ. ದಾರಿಯಲ್ಲಿ ಟಾಂಕಿ ತುಂಬಿಸಿಕೊಳ್ಳುತ್ತೇನೆ, ಗೋವಾ ಮುಟ್ಟಲು ಧಾರಾಳವಾಯಿತು ಎಂದು ಆ ಮನುಷ್ಯ ಹೇಳಿದ. ಅಪ್ಪ ತಲೆಯಾಡಿಸಿ ಜಗಲಿಗೆ ಹೋದ. ಲಂಗರು ತಂದು ಡಿಕ್ಕಿಯಲ್ಲಿಟ್ಟ. ಮತ್ತೆ ಹೋಗಿ ಕ್ಯಾನು ತಂದ. ಅದು ತುಂಬಿತ್ತು, ಅವನ ಭುಜ ಒಂದು ಕಡೆಗೆ ವಾಲುತ್ತಿತ್ತು. ಅಲ್ಲಿ ಬರೀ ನಿಲ್ಲಿಸಿಡುವುದಲ್ಲವೇ, ಇದೆಲ್ಲ ಯಾಕೆ ಎಂದು ಹೋಟೆಲಿನವನು ನಕ್ಕ. ಅಪ್ಪ ನಗಲಿಲ್ಲ.

"ಇದು ಹೋಗೂಕೆ ಅಲ್ಲ," ಎಂದು ಹೇಳಿ ಡಿಕ್ಕಿ ಮುಚ್ಚಿದ.