ಟಿಕೀಟ ತಗಸೀನ್ರೀ ಯಪ್ಪಾ

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸುಮ್ಮನೆ ಹೊರಗೆ ನೋಡುವುದು ನನಗೆ ಇವತ್ತಿಗೂ ಬರುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ರಸ್ತೆಗಳಲ್ಲಿ ವರ್ಷಾನುಗಟ್ಟಲೆ ಬಸ್ಸಿಗೆ ಕೈ ಅಡ್ಡ ಮಾಡಿ ಹತ್ತಿ, ಜನರ ಟಿಕೆಟ್ ನೋಡಿ, ಇಳಿದು, ಮತ್ತೊಂದು ಬಸ್ಸಿಗೆ ಕೈ ಮಾಡಿದವನು ನಾನು. ಜನರ ಬಾಯಲ್ಲಿ ಚೆಕಿಂಗ್ ಸಾಹೇಬ. ಕೆಲಸದಿಂದ ನಿವೃತ್ತನಾದರೂ ಕಣ್ಣು ನಿವೃತ್ತವಾಗಿಲ್ಲ. ಯಾರು ಜೇಬು ತಡಕಾಡಿದರು, ಯಾರು ಕಳ್ಳನಿದ್ದೆ ಹೊಡೆದರು ಎಂದು ಹುಡುಕುತ್ತಲೇ ಇರುತ್ತದೆ. ದಣಿವಿನ ಕೆಲಸ, ಅದೂ ಈಗ ಸಂಬಳವಿಲ್ಲದ್ದು.

ನಮ್ಮ ಕಡೆ ಟಿಕೆಟ್ಟನ್ನು ಯಾರೂ ಕೊಳ್ಳುವುದಿಲ್ಲ, ತೆಗೆಸುತ್ತಾರೆ. ಅಂಗಿ ಹೊಲಿಸಿದಂತೆ, ಮನೆ ಕಟ್ಟಿಸಿದಂತೆ, ಟಿಕೆಟ್ ತೆಗೆಸುವುದು. ಮಾಡಿಸುವವನೊಬ್ಬ, ಮಾಡುವವನೊಬ್ಬ, ಅಂದರೆ ಕಂಡಕ್ಟರ್ ನಮ್ಮ ವ್ಯಾಕರಣದಲ್ಲೇ ಹತ್ತಿ ಕೂತುಬಿಟ್ಟಿದ್ದಾನೆ. ಅವನು ಸಾಲದೆಂದು ಹಿಂದಿನ ಸೀಟಿನವನೂ ಇರುತ್ತಾನೆ. ಯಾರದಾದರೂ ಟಿಕೆಟ್ ಸಿಗಲಿಲ್ಲವೋ, "ತಗಸ್ಯಾನ್ರಿ, ನಾ ನೋಡೀನಿ" ಎಂದು ಕೇಳದೆಯೇ ಸಾಕ್ಷಿ ಹೇಳುತ್ತಾನೆ. ಸರ್ವಿಸಿನುದ್ದಕ್ಕೂ ನನಗೆ ಈ ಸಾಕ್ಷಿಗಳೆಂದರೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಜರ್ಮನಿಗೆ ಹೋಗಿ ಬಂದೆವು. ನನ್ನ ಹೆಂಡತಿ ಗೌರವ್ವನ ತಮ್ಮನ ಮಗಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹೆರಿಗೆಯಾಗಿತ್ತು, ಬಾಣಂತನಕ್ಕೆ ಸೋದರತ್ತೆ ಬೇಕಾಗಿದ್ದಳು. ನಾನು ಬೇಕಾಗಿರಲಿಲ್ಲ. ಅತ್ತೆಯ ಜೊತೆ ಹೋದ ಸಾಮಾನುಗಳಲ್ಲಿ ಗುರೆಳ್ಳು ಚಟ್ನಿ, ಬಾಣಂತಿಗೆಂದು ಅಳವಿ ಕಾಳು, ನಾನು.

ಆ ಊರಿನ ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ, ಗೇಟಿಲ್ಲ. ನಿಲ್ದಾಣದ ಯಂತ್ರದಲ್ಲಿ ಚೀಟಿ ಪಡೆದು ಹತ್ತುವುದು. ಒಂದು ದಿನ ಗೌರವ್ವ ತನ್ನ ಮುಂದಿದ್ದ ಹೆಂಗಸು ಮಾಡಿದ್ದನ್ನು ನೋಡಿ, ಬಾಗಿಲ ಪಕ್ಕದ ಸಣ್ಣ ಡಬ್ಬಿಗೆ ತನ್ನ ಚೀಟಿ ತುರುಕಿದಳು. ಟಕ್ ಎಂದು ಮುದ್ರೆ ಬಿತ್ತು. "ನೀವೂ ಒತ್ತಸ್ರಿ" ಅಂದಳು. ನನಗೆ ನಗು ಬಂತು. "ಚೀಟಿ ಕೆಡಿಸಿದೆಲ್ಲ! ಟಿಕೀಟಿನಾಗ ಜೀವಮಾನ ತಗದಾಂವಗ ಕಲಸಾಕ ಬಂದಿ?" ಅಂದೆ. ನಮ್ಮಲ್ಲಿ ಗುರುತು ಬಿದ್ದ ಟಿಕೆಟ್ ಎಂದರೆ ತಪಾಸಾಗಿ ಮುಗಿದದ್ದು; ಪ್ರಯಾಣಿಕ ತಾನೇ ಅದಕ್ಕೆ ಗುರುತು ಮಾಡುವುದುಂಟೆ? ನನ್ನದನ್ನು ಮಡಚಿ, ರೂಢಿಯಂತೆ ಕೈಗಡಿಯಾರದ ಪಟ್ಟಿಗೆ ಸಿಕ್ಕಿಸಿಕೊಂಡು ಗತ್ತಿನಿಂದ ಕೂತೆ.

ಮುಂದಿನ ಸೀಟಿನಲ್ಲಿ ಮೊಬೈಲು ನೋಡುತ್ತಿದ್ದ ಹುಡುಗಿ, ಬಾಗಿಲು ಮುಚ್ಚಿದ ಕೂಡಲೇ ಎದ್ದು ನಿಂತು ಕೊರಳಿನ ಕಾರ್ಡು ತೋರಿಸಿದಳು. ಸಮವಸ್ತ್ರವಿಲ್ಲದ ಚೆಕಿಂಗ್! ಒಳಗೊಳಗೇ ಮೆಚ್ಚಿದೆ. ಮರುಕ್ಷಣ ಅವಳು ನನ್ನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ತಲೆ ಅಲ್ಲಾಡಿಸಿದಳು. ಮುದ್ರೆ ಇಲ್ಲದ ಚೀಟಿ ಅಲ್ಲಿ ಚೀಟಿಯೇ ಅಲ್ಲವಂತೆ. ನಾಳೆಯೂ ಬಳಸಬಹುದು, ನಾಡಿದ್ದೂ ಬಳಸಬಹುದು, ಅದು ಮೋಸ. ನನ್ನ ಇಲಾಖೆ ಇಂಗ್ಲಿಷಿನಲ್ಲಿ, ನಾನು ಕಳ್ಳನಲ್ಲ, ನಾನೂ ನಿಮ್ಮಂಥವನೇ ಎಂದು ಹೇಳಿ ನೋಡಿದೆ. ಅವಳು ಸಿಟ್ಟಾಗಲಿಲ್ಲ. ದಣಿದ ದನಿಯಲ್ಲಿ, ಎಲ್ಲರೂ ಹೀಗೇ ಹೇಳುತ್ತಾರೆ, ಅಂದಳು. ಸುತ್ತ ಕೂತವರು ಯಾರೂ ತಲೆ ಎತ್ತಲಿಲ್ಲ. ಹಿಂದಿನ ಸೀಟಿನಲ್ಲೊಬ್ಬ ಇದ್ದ, ಅವನೂ ಏನೂ ನೋಡಿರಲಿಲ್ಲ. ಜುಲ್ಮಾನೆ ಕಟ್ಟಿ ಇಳಿದೆ. ಗೌರವ್ವ ಮುದ್ರೆ ಬಿದ್ದ ತನ್ನ ಚೀಟಿಯನ್ನು ನನ್ನ ಕಣ್ಣಿಗೆ ಬೀಳದಂತೆ ಮಡಚಿಟ್ಟುಕೊಂಡಳು, ಪುಣ್ಯಾತ್ಗಿತ್ತಿ.

ನಾಚಿಕೆಯಾಯಿತು, ನಿಜ. ಆದರೆ ಎದೆಗೆ ಚುಚ್ಚಿದ್ದು ಆ ಹುಡುಗಿಯ ಮಾತು, ಯಾಕೆಂದರೆ ಅದು ನನ್ನದೇ ಮಾತು. ಬಹಳ ಹಿಂದೆ ಇರಕಲ್ಲಗಡದ ಬಸ್ಸಿನಲ್ಲಿ ಒಬ್ಬ ಮುದುಕಿ ಎಲೆ ಅಡಿಕೆ ಸಂಚಿಯಿಂದ ಕಾಗದದ ಮುದ್ದೆಯೊಂದನ್ನು ತೆಗೆದುಕೊಟ್ಟಿದ್ದಳು. ಸುಣ್ಣ ತಾಗಿ ಒಂದಕ್ಷರವೂ ಉಳಿದಿರಲಿಲ್ಲ. "ಟಿಕೀಟ ತಗಸೀನ್ರೀ ಯಪ್ಪಾ, ದೇವರಾಣಿ." ಕಂಡಕ್ಟರ್ ತನ್ನ ಮೇಲೆ ನಾನು ಬರೆಯಬಹುದಾದ ಮೆಮೊಗೆ ಹೆದರಿ, ನೆನಪಿಲ್ಲ ಅಂದ. ಹಿಂದಿನ ಸೀಟಿನವನು ಬಾಯಿ ತೆರೆದ, "ನಿನ್ನ ಯಾರ ಕೇಳ್ಯಾರ?" ಎಂದು ಗದರಿಸಿದೆ. ಮುದುಕಿಗೆ ಹೇಳಿದೆ, "ಎಲ್ಲಾರೂ ಹಿಂಗ ಅಂತಾರ." ಅವಳು ಗಂಟು ಹೊತ್ತು ನಡುದಾರಿಯಲ್ಲೇ ಇಳಿದು, ಬಿಸಿಲಲ್ಲಿ ನಡೆಯತೊಡಗಿದಳು. ಕಾಯಿದೆ ನನ್ನ ಕಡೆಗಿತ್ತು, ಅವತ್ತು ರೊಟ್ಟಿ ಚೆನ್ನಾಗಿಯೇ ಉಂಡೆ. ಅದೇ ರೊಟ್ಟಿ ಜರ್ಮನಿಯಲ್ಲಿ, ಇಷ್ಟು ವರ್ಷಗಳ ಮೇಲೆ, ಗಂಟಲಿಗೆ ಸಿಕ್ಕಿಕೊಂಡಿತು. ಈಗ ಅವಳೆಲ್ಲಿ ಸಿಗಬೇಕು? ಹೆಸರು ಕೂಡ ಕೇಳಿರಲಿಲ್ಲ.

ಮೊನ್ನೆ ಯಲಬುರ್ಗಾದಿಂದ ಬೇವೂರಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಹೆಣ್ಣುಮಕ್ಕಳಿಗೆ ಈಗ ಬಸ್ಸು ಬಿಟ್ಟಿ, ಆದರೂ ಸೊನ್ನೆ ಬರೆದ ಚೀಟಿ ಕೊಡುತ್ತಾರೆ. ಗೌರವ್ವ ಅದನ್ನು ಕರಿಮಣಿಯಷ್ಟು ಜೋಪಾನವಾಗಿ ಹಿಡಿದಿದ್ದಳು. ನಡುವೆ ಚೆಕಿಂಗ್ ಹತ್ತಿತು, ಹೊಸ ಹುಡುಗ, ನನ್ನ ಗುರುತಿಲ್ಲ. ನಮ್ಮ ಮುಂದಿನ ಸೀಟಿನ ಮುದುಕಪ್ಪ ಅಂಗಿ ಜೇಬು, ಚಡ್ಡಿ ಜೇಬು, ರುಮಾಲಿನ ಸುತ್ತು, ಎಲ್ಲ ತಡಕಿದ. "ತಗಸೀನ್ರೀ ಸಾಹೇಬ್ರ" ಅಂದ. ಹುಡುಗನ ತುಟಿಯ ಮೇಲೆ ಮುಂದಿನ ಮಾತು ಬಂದು ಕೂತದ್ದು ನನಗೆ ಕಂಡಿತು.

"ತಗಸ್ಯಾನ್ರಿ. ನಾ ನೋಡೀನಿ" ಅಂದೆ.

ಹುಡುಗ ನನ್ನನ್ನು ನೋಡಿದ, ನನ್ನ ನೆರೆತ ತಲೆ ನೋಡಿದ. "ಖರೇನ ನೋಡೀರೇನ್ರಿ ಅಜ್ಜಾರ?" ಅಂದ. ನೋಡೀನಿ, ಅಂದೆ. ಹಿಂದಿನ ಸೀಟಿನವರ ಮೇಲೆ ನಾನು ಕಾರುತ್ತಿದ್ದ ಸಿಟ್ಟನ್ನೆಲ್ಲ ಅವನು ಒಂದೇ ನೋಟದಲ್ಲಿ ನನ್ನ ಮೇಲೆ ಕಾರಿ, ಮುಂದೆ ಹೋದ.

ಬಸ್ಸು ಹೊರಟಿತು. ಮುದುಕಪ್ಪ ಟಿಕೆಟ್ ತೆಗೆಸಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ, ಸಾಕಾಗಿತ್ತು. ಕಿಟಕಿಯಾಚೆ ಸಜ್ಜೆ ಹೊಲ ತೆನೆ ಹಿಡಿದಿತ್ತು. ನೋಡುತ್ತ ಕೂತೆ. ಗೌರವ್ವ ಮೆಲ್ಲಗೆ ಕೇಳಿದಳು, "ನೀವು ಖರೇನ ನೋಡಿದ್ರಿ?"

"ಇಲ್ಲ."

ಅವಳು ಸೊನ್ನೆಯ ಚೀಟಿಯನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು: "ಅಂತೂ ಇವತ್ತ ರಿಟೈರ್ ಆದ್ರಿ ನೋಡ್ರಿ."